ಅಪ್ಪಯ್ಯ ಒತ್ತಿದ ನಂಬರು

16 ಜನವರಿ 2024, ಮಂಗಳವಾರ
ನೋವೈ, ಮಿಶಿಗನ್

ಸಂಜೆ ಐದೂಮುಕ್ಕಾಲಿಗೆ ನಮ್ಮ ಬೀದಿಗೆ ತಿರುಗುವಾಗಲೇ ಕಂಡಿತು, ಗ್ಯಾರೇಜಿನ ಬಾಗಿಲ ಪಕ್ಕ ಯಾರೋ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಕಾರಿನ ಬೆಳಕು ಬಿದ್ದಾಗ ತಿರುಗಿದರು. ಅಪ್ಪಯ್ಯ! ಬಲಗೈಯ ಗ್ಲೌಸು ಬಿಚ್ಚಿ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು. ಎಡಗೈಯಲ್ಲಿ ಬೀದಿಯ ತುದಿಯ ಅಂಚೆಪೆಟ್ಟಿಗೆಯಿಂದ ತಂದ ಕಾಗದಗಳು. ಹೊರಗೆ ಮೈನಸ್ 12 ಡಿಗ್ರಿ.

ಕಾರಿನ ಗುಂಡಿ ಒತ್ತಿ ಬಾಗಿಲು ತೆಗೆದೆ. ಒಳಗೆ ಬಂದ ಮೇಲೆ ಅವರ ಬೆರಳು ಹಿಡಿದು ನೋಡಿದರೆ ಮರದ ಚಕ್ಕೆಯ ಹಾಗಿತ್ತು. ಇಪ್ಪತ್ತು ನಿಮಿಷ ನಿಂತಿದ್ದರಂತೆ. ಫೋನು ಒಳಗೆ ಚಾರ್ಜಿಗೆ ಹಾಕಿಟ್ಟು ಹೋಗಿದ್ದರು. ಎದುರು ಬಾಗಿಲ ಬೆಲ್ ಒತ್ತಬಹುದಿತ್ತಲ್ಲ ಎಂದೆ. "ಪುಟ್ಟಿ ಆಗಷ್ಟೇ ಮಲಗಿತ್ತು. ನಿನ್ನಮ್ಮ ಒಂದು ಗಂಟೆ ತೂಗಿ ಮಲಗಿಸಿದ್ದಳು" ಎಂದರು.

"ನಂಬರು ಮರೆತುಹೋಯ್ತಾ ಅಪ್ಪಯ್ಯ?"

"ಮರ್ತಿಲ್ಲ ಕಣೆ. ಒತ್ತಿದೆ. ತೆಗೀಲಿಲ್ಲ."

ಅಷ್ಟೇ ಹೇಳಿದ್ದು. ಅಮ್ಮ ಕಷಾಯ ಕಾಯಿಸಿ ಕೊಟ್ಟಳು, ನಿನ್ನೆ ಸಂಕ್ರಾಂತಿಯದು ಉಳಿದಿದ್ದ ಎಳ್ಳು ಬೆಲ್ಲ ತಟ್ಟೆಗೆ ಹಾಕಿಟ್ಟಳು. ಅಪ್ಪಯ್ಯ ಮುಟ್ಟಲಿಲ್ಲ.

ರಾತ್ರಿ ಇವರೂ ನಾನೂ ಪಿಸುಮಾತಲ್ಲಿ ಮಾತಾಡಿದೆವು. ಎಪ್ಪತ್ತೆರಡು ವಯಸ್ಸು. ಮೊನ್ನೆ ಕನ್ನಡಕ ಎಲ್ಲಿಟ್ಟೆ ಎಂದು ಎರಡು ಸಲ ಕೇಳಿದ್ದರು. ಹೋದ ತಿಂಗಳು ಒಲೆ ಆರಿಸಲು ಮರೆತಿದ್ದರು. ಊರಿಗೆ ಹೋಗುವ ಮೊದಲು ಇಲ್ಲೇ ಯಾರಾದರೂ ಡಾಕ್ಟರಿಗೆ ತೋರಿಸೋಣವೇ ಎಂಬಲ್ಲಿಗೆ ಮಾತು ಹೋಯಿತು. ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

17 ಜನವರಿ, ಬುಧವಾರ

ಮನೆಯಿಂದಲೇ ಕೆಲಸ. ಮಧ್ಯಾಹ್ನ ಒಳ್ಳೆ ಬಿಸಿಲು. ನಮ್ಮ ಗ್ಯಾರೇಜು ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಬಿಸಿಲು ನೇರ ಬಾಗಿಲ ಮೇಲೆ. ಹೊರಗೆ ಹೋಗಿ ಪಕ್ಕದ ಗೋಡೆಯ ಕೀಪ್ಯಾಡಿನ ಮುಚ್ಚಳ ಸರಿಸಿ ನಾಲ್ಕು ಅಂಕಿ ಒತ್ತಿ ಎಂಟರ್ ಒತ್ತಿದೆ. ಮೊದಲ ಸಲಕ್ಕೇ ಗರಗರ ಎಂದು ಬಾಗಿಲು ಮೇಲೆದ್ದಿತು. ಮುಚ್ಚಿ ಇನ್ನೊಮ್ಮೆ ಒತ್ತಿದೆ. ಆಗಲೂ ತೆಗೆಯಿತು.

ಎದೆ ಭಾರವಾಯಿತು. ಕೀಪ್ಯಾಡ್ ಸರಿಯಿದ್ದರೆ ತಪ್ಪು ಎಲ್ಲಿ?

ಊಟದ ಹೊತ್ತಿಗೆ ಒಂದು ಚೀಟಿಯಲ್ಲಿ ನಂಬರು ಬರೆದು ಕೊಟ್ಟೆ. "ಜೇಬಲ್ಲಿ ಇಟ್ಕೊಳ್ಳಿ ಅಪ್ಪಯ್ಯ, ಒಂದು ಧೈರ್ಯಕ್ಕೆ." ಅವರು ಚೀಟಿ ನೋಡಿದರು, ನನ್ನ ಮುಖ ನೋಡಿದರು, ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿಕೊಂಡರು. ಬೇಡ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ತೀರ್ಥಹಳ್ಳಿ ಕಡೆಯ ಕಾಡಿನ ಲೈನುಗಳಲ್ಲಿ ಮೂವತ್ತನಾಲ್ಕು ವರ್ಷ ಲೈನ್‌ಮನ್ ಆಗಿದ್ದವರು. ಕೆ.ಇ.ಬಿ. ಹೋಗಿ ಕೆ.ಪಿ.ಟಿ.ಸಿ.ಎಲ್. ಆಗಿ, ಅದು ಮೆಸ್ಕಾಂ ಆದರೂ ಊರಿನವರಿಗೆ ಅವರು ಕೊನೆಯವರೆಗೂ 'ಕೆ.ಇ.ಬಿ.ಯವರು'. ಆಷಾಢದ ಮಳೆಯಲ್ಲಿ ಮರ ಬಿದ್ದಿದೆ ಎಂದು ನಡುರಾತ್ರಿ ಯಾರಾದರೂ ಬಂದು ಕರೆದರೆ, ಯಾವ ಕಂಬ ಎಂದು ಕೇಳಿ, ಅದರ ಹಿಂದಿನದು ಮುಂದಿನದು ಎರಡರ ನಂಬರನ್ನೂ ಹಾಸಿಗೆಯಲ್ಲೇ ಕೂತು ಹೇಳುತ್ತಿದ್ದರು. ಅವರ ಜೇಬಿಗೆ ನಾಲ್ಕಂಕಿಯ ಚೀಟಿ ಹಾಕಿದೆ ನಾನು.

18 ಜನವರಿ, ಗುರುವಾರ

ಅಪ್ಪಯ್ಯ ಹೊರಗೆ ಹೋದ ಹಾಗಿಲ್ಲ. ಅಂಚೆ ತರಲೂ ಇಲ್ಲ.

20 ಜನವರಿ, ಶನಿವಾರ

ಬೆಳಗ್ಗೆ ಏಳಕ್ಕೆ, ಇನ್ನೂ ಕತ್ತಲಿರುವಾಗ, ಅಪ್ಪಯ್ಯ ಬಾಗಿಲು ತಟ್ಟಿದರು. ಟೋಪಿ, ಜಾಕೆಟ್ಟು, ಬೂಟು ಎಲ್ಲ ಹಾಕಿಕೊಂಡು ತಯಾರಾಗಿದ್ದಾರೆ. "ಸ್ವಲ್ಪ ಬಾ. ಒಂದು ತೋರಿಸ್ಬೇಕು."

ಹೊರಗೆ ಕರೆದುಕೊಂಡು ಹೋಗಿ ಕೀಪ್ಯಾಡಿನ ಮುಂದೆ ನಿಲ್ಲಿಸಿದರು. "ಈಗ ಒತ್ತು."

ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಇಲ್ಲ.

"ಬೆಳಕು ನೋಡು" ಎಂದರು. ಮುಚ್ಚಳ ಸರಿಸಿದಾಗ ಗುಂಡಿಗಳ ಹಿಂದೆ ಬೆಳಕು ಬರಬೇಕು. ಬರುತ್ತಿತ್ತು, ಆದರೆ ಆರಲಿರುವ ಹಣತೆಯ ಹಾಗೆ. ಎಂಟರ್ ಒತ್ತಿದ ಕೂಡಲೇ ಅದೂ ಹೋಗಿಬಿಡುತ್ತಿತ್ತು. ಬಿಸಿಲಿನ ಹೊತ್ತಿನಲ್ಲಿ ನಾನು ಆ ಬೆಳಕನ್ನು ನೋಡಿರಲೇ ಇಲ್ಲ.

ಎರಡು ದಿನದಿಂದ ಅವರು ಇದನ್ನೇ ನೋಡುತ್ತಿದ್ದರಂತೆ. ನಾವು ಆಫೀಸಿಗೆ ಹೋದ ಮೇಲೆ ಎದುರು ಬಾಗಿಲಿಂದ ಹೊರಗೆ ಬಂದು, ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಒತ್ತಿ ನೋಡಿದ್ದಾರೆ. ಮಧ್ಯಾಹ್ನ ತೆಗೆಯುತ್ತದೆ, ಬೆಳಗ್ಗೆ ಸಂಜೆ ತೆಗೆಯುವುದಿಲ್ಲ. "ಬಂದು ಹೋಗೋ ಫಾಲ್ಟು ಯಾವಾಗಲೂ ಹೀಗೇ. ಹೊತ್ತು ನೋಡ್ಕೊಂಡು ಹಿಡೀಬೇಕು. ನಿನ್ನ ಬ್ಯಾಟರಿ ಹೋಗಿದೆ."

ಕೀಪ್ಯಾಡಿನ ಕೆಳಗಿನ ಸಣ್ಣ ಮುಚ್ಚಳ ತೆಗೆದು, ಒಂಬತ್ತು ವೋಲ್ಟಿನ ಆಯತಾಕಾರದ ಬ್ಯಾಟರಿ ಹೊರಗೆಳೆದರು. ಅಡುಗೆಮನೆಗೆ ಬಂದು, ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಅದರ ಎರಡು ತುದಿಗೆ ನಾಲಗೆ ತಾಗಿಸಿದರು. "ಜುಮ್ ಅನ್ಬೇಕು. ಸರಿಯಾಗಿ ಅಂತಿಲ್ಲ." ಇವರ ಮಲ್ಟಿಮೀಟರ್ ಹಿಡಿದರೆ 6.8 ತೋರಿಸಿತು. ತೀರ ಸತ್ತಿಲ್ಲ, ಬದುಕಿಯೂ ಇಲ್ಲ. ಇಂಥ ಆಲ್ಕಲೈನ್ ಬ್ಯಾಟರಿಯ ಒಳಗೆ ನಡೆಯುವುದು ರಾಸಾಯನಿಕ ಕ್ರಿಯೆ, ಥಂಡಿಯಲ್ಲಿ ಅದು ನಿಧಾನವಾಗುತ್ತದೆ. ಬಿಸಿಲು ತಾಗಿದರೆ ಸ್ವಲ್ಪ ಚೇತರಿಸಿಕೊಂಡು ಒಂದೆರಡು ಸಲ ಕೆಲಸ ಮಾಡಿಕೊಡುತ್ತದೆ. ಬುಧವಾರ ಮಧ್ಯಾಹ್ನ ನನಗೆ ಸಿಕ್ಕ 'ಸಾಕ್ಷಿ' ಇಷ್ಟೇ. ಇಂಜಿನಿಯರಿಂಗ್ ಓದಿದವಳು ನಾನು. ಕೆಟ್ಟುಹೋದ ಯಂತ್ರ ಕಂಡರೆ ಮೊದಲು ವಿದ್ಯುತ್ ಬರುತ್ತಿದೆಯೇ ನೋಡಬೇಕೆಂದು ಹೇಳಿಕೊಟ್ಟವರೂ ಇದೇ ಅಪ್ಪಯ್ಯ. ಮಂಗಳವಾರ ಅದನ್ನು ಬಿಟ್ಟು ನೇರವಾಗಿ ಅವರ ನೆನಪಿನ ಮೇಲೆ ಕೈಹಾಕಿದ್ದೆ.

"ತಪ್ಪಾಯ್ತು ಅಪ್ಪಯ್ಯ" ಎಂದೆ. "ಇರ್ಲಿ ಬಿಡು. ಹೊಸ ಬ್ಯಾಟರಿ ಇದ್ಯಾ?" ಎಂದರು.

ಇತ್ತು. ಹಾಕಿದ ಕೂಡಲೇ ಗುಂಡಿಗಳು ಹಸಿರಾಗಿ ಬೆಳಗಿದವು, ಬಾಗಿಲೂ ತೆರೆಯಿತು. ಅಲ್ಲಿಗೇ ಮುಗಿಸಬಹುದಿತ್ತು. ಆದರೆ ಆ ಬೆಳಕಿನಲ್ಲಿ ಅಪ್ಪಯ್ಯ ಇನ್ನೊಂದನ್ನು ಕಂಡರು. ಹತ್ತು ಗುಂಡಿಗಳಲ್ಲಿ ನಾಲ್ಕರ ಮೇಲಿನ ಅಂಕಿ ಸವೆದು ಮಸುಕಾಗಿದೆ, ಉಳಿದ ಆರು ಹೊಸದರಂತಿವೆ.

"ಈ ನಂಬರು ಯಾರು ಇಟ್ಟಿದ್ದು?"

ಮನೆ ಮಾರಿದವರು. ಹೋದ ಬೇಸಿಗೆಯಲ್ಲಿ ಬೀಗದಕೈ ಜೊತೆ ಒಂದು ಕಾಗದದಲ್ಲಿ ಬರೆದು ಕೊಟ್ಟಿದ್ದರು. ಎದುರು ಬಾಗಿಲ ಬೀಗವನ್ನು ಮೊದಲ ವಾರವೇ ಬದಲಾಯಿಸಿದ್ದೆವು. ಇದು ನೆನಪಿಗೇ ಬರಲಿಲ್ಲ.

"ಅಂದ್ರೆ ಅವರಿಗೂ ಗೊತ್ತು. ಅವರ ಮನೆಗೆ ಬಂದುಹೋದವರಿಗೂ ಗೊತ್ತು. ಗೊತ್ತಿಲ್ದಿದ್ದವನಿಗೆ ಗುಂಡಿ ನೋಡಿದ್ರೆ ಗೊತ್ತಾಗತ್ತೆ." ಲೆಕ್ಕ ಹಾಕಿದೆ: ನಾಲ್ಕಂಕಿಯ ನಂಬರು ಹತ್ತು ಸಾವಿರ ಬಗೆಯಲ್ಲಿ ಇರಬಹುದು. ಯಾವ ನಾಲ್ಕು ಗುಂಡಿ ಎಂದು ಗೊತ್ತಾದರೆ ಉಳಿಯುವುದು ಬರೀ ಇಪ್ಪತ್ತನಾಲ್ಕು. ಇಲ್ಲಿ ಎದುರು ಬಾಗಿಲು ನೆಂಟರಿಗೆ, ಮನೆಯವರಿಗೆಲ್ಲ ಗ್ಯಾರೇಜೇ ಹೆಬ್ಬಾಗಿಲು. ಒಳಗೆ ಅಮ್ಮ, ನಾಲ್ಕು ತಿಂಗಳ ಪುಟ್ಟಿ ದಿನವಿಡೀ ಇರುತ್ತಾರೆ. ಇವತ್ತೇ ಬದಲಾಯಿಸಬೇಕು ಎಂದು ಕೂತೆವು.

ಹಳೇ ನಂಬರು ಗೊತ್ತಿದ್ದರೆ ಏಣಿ ಹತ್ತದೆ ಕೀಪ್ಯಾಡಿನಲ್ಲೇ ಹೊಸದು ಹಾಕುವ ದಾರಿಯೂ ಇದೆ. ಆದರೆ ಹಾಗೆ ಮಾಡಿದರೆ ಹಳಬರ ಕಾರಿನಲ್ಲೋ ಡ್ರಾಯರಿನಲ್ಲೋ ಉಳಿದಿರಬಹುದಾದ ರಿಮೋಟು ಹಾಗೇ ಕೆಲಸ ಮಾಡುತ್ತಿರುತ್ತದೆ. ಎಲ್ಲ ಅಳಿಸಿ ಮೊದಲಿಂದ ಶುರು ಮಾಡುವುದೇ ಸರಿ.

ಕಾರು ಹೊರಗೆ ಹಾಕಿ ಏಣಿ ಇಟ್ಟೆವು. ಹತ್ತುವುದು ನಾನು ಎಂದು ಹಠ ಮಾಡಿದೆ. ಅಪ್ಪಯ್ಯ ಏಣಿಯ ಕಾಲಿಗೆ ತಮ್ಮ ಬೂಟುಗಾಲು ಒತ್ತಿ ನಿಂತರು. ಮೊದಲು ಒಂದು ಮಾತು ಹೇಳಿದರು. ಬಾಗಿಲ ಮೇಲೆ ಅಡ್ಡಕ್ಕಿರುವ ದಪ್ಪ ಸ್ಪ್ರಿಂಗ್ ತೋರಿಸಿ, "ಅದಕ್ಕೆ ಯಾವತ್ತೂ ಕೈ ಹಚ್ಬೇಡ. ಬಾಗಿಲ ಭಾರ ಎತ್ತೋದು ಅದೇ. ಈ ಮೋಟರು ಸುಮ್ನೆ ದಾರಿ ತೋರಿಸತ್ತೆ ಅಷ್ಟೆ." ಹೌದು, ಬಿಗಿದ ಸ್ಪ್ರಿಂಗ್ ಬಿಚ್ಚಲು ಹೋಗಿ ಕೈ ಮುರಿದುಕೊಂಡವರಿದ್ದಾರೆ. ಅದಕ್ಕೆ ಕೆಲಸ ಬಲ್ಲವರೇ ಬರಬೇಕು. ಅಪ್ಪಯ್ಯನಿಗೆ ಇದನ್ನು ಯಾರೂ ಹೇಳಿದ್ದಲ್ಲ. ನೋಡಿದ ಕೂಡಲೇ ಅರ್ಥವಾಗಿತ್ತು.

ಮೋಟರ್ ಪೆಟ್ಟಿಗೆಯ ಹಿಂಬದಿಯಲ್ಲಿ, ದೀಪದ ಗಾಜು ಸರಿಸಿದರೆ, ನೇರಳೆ ಬಣ್ಣದ ಪುಟ್ಟ ಚೌಕ ಗುಂಡಿ. ಅದಕ್ಕೆ 'ಲರ್ನ್' ಗುಂಡಿ ಅನ್ನುತ್ತಾರೆ. ಅದರ ಬಣ್ಣದಿಂದಲೇ ಯಂತ್ರದ ಕಾಲ ತಿಳಿಯುತ್ತದೆ: ನೇರಳೆ ಎಂದರೆ 2000ದ ದಶಕದ ನಡುವಿನಿಂದ ಮುಂದಿನದು, ಹಳದಿ ಎಂದರೆ 2011ರ ಈಚಿನದು. ನೇರಳೆ ಗುಂಡಿಯನ್ನು ಆರು ಸೆಕೆಂಡು ಒತ್ತಿ ಹಿಡಿದೆ. ಪಕ್ಕದ ಸಣ್ಣ ದೀಪ ಹೊತ್ತಿ, ಆರಿತು. ಅಲ್ಲಿಗೆ ಈ ಪೆಟ್ಟಿಗೆ ಎಲ್ಲರನ್ನೂ ಮರೆಯಿತು: ಹಳಬರನ್ನು, ನಮ್ಮನ್ನು, ಕಾರುಗಳನ್ನು. ಒಳಗಿನ ಗೋಡೆಯ ಗುಂಡಿಗೆ ತಂತಿ ಇರುವುದರಿಂದ ಅದೊಂದು ಉಳಿಯಿತು.

ಇನ್ನು ಹೊಸ ನಂಬರು. ಹುಟ್ಟಿದ ವರ್ಷ ಬೇಡ, ಮನೆ ನಂಬರು ಬೇಡ, ಸವೆದ ಗುಂಡಿಗಳೂ ಆದಷ್ಟು ಬೇಡ. ನನಗೆ ತಟ್ಟನೆ ಏನೂ ಹೊಳೆಯಲಿಲ್ಲ. ಅಪ್ಪಯ್ಯ ಒಂದು ಸಂಖ್ಯೆ ಹೇಳಿದರು. ಎಲ್ಲಿಯದು ಎಂದು ಕೇಳಿದೆ. ಊರಿನ ನಮ್ಮ ಮನೆಗೆ ಮೊದಲು ಕರೆಂಟು ಬಂದಾಗಿನ ಆರ್.ಆರ್. ನಂಬರಂತೆ. ಸರ್ವೀಸ್ ವೈರು ಎಳೆದದ್ದೂ ಅವರೇ. ನಾನಿನ್ನೂ ಹುಟ್ಟಿರಲಿಲ್ಲ. ಆ ಸಂಖ್ಯೆ ಇಲ್ಲಿ ಬರೆಯುವುದಿಲ್ಲ.

ಲರ್ನ್ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಮೂವತ್ತು ಸೆಕೆಂಡು ಅದು ಹೊಸಬರಿಗಾಗಿ ಕಾಯುತ್ತದೆ. ಅಷ್ಟರಲ್ಲಿ ಏಣಿ ಇಳಿದು ಹೊರಗೆ ಓಡಿ ಒತ್ತುವುದು ಕಷ್ಟ. ಅಮ್ಮ ಪುಟ್ಟಿಯನ್ನು ಶಾಲಿನಲ್ಲಿ ಸುತ್ತಿ ಒಳಬಾಗಿಲಲ್ಲಿ ನಿಂತಿದ್ದಳು. ನಾನು ಮೇಲೆ, ಅಪ್ಪಯ್ಯ ಹೊರಗೆ ಕೀಪ್ಯಾಡಿನ ಮುಂದೆ, ಬಾಗಿಲು ತೆರೆದೇ ಇತ್ತು. "ಹ್ಞಾಂ" ಎಂದೆ. ಹಿಂದೆ ಕಂಬದ ಮೇಲಿಂದ ಅವರು ಹೀಗೇ ಕೂಗುತ್ತಿದ್ದರು, ಕೆಳಗೆ ನಿಂತವರು ಫ್ಯೂಸ್ ಹಾಕುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು. ಆತುರವಿಲ್ಲ, ತಡವರಿಕೆಯಿಲ್ಲ. ಎಂಟರ್ ಒತ್ತಿ ಹಿಡಿದರು. ನನ್ನ ಮುಖದ ಪಕ್ಕದ ಬಲ್ಬು ಮಿಣುಕ್ ಎಂದು ಹೊತ್ತಿ ಆರಿತು.

"ಬಂತು!" ಎಂದು ಕೂಗಿದೆ. ಪುಟ್ಟಿ ಬೆಚ್ಚಿ ಅಳತೊಡಗಿತು.

ಆಮೇಲಿನದು ಬೇಗ ಮುಗಿಯಿತು. ಒಂದು ಕೈ ರಿಮೋಟು, ನನ್ನ ಕಾರಿನ ಗುಂಡಿ. ಕಾರಿನೊಳಗಿನ ಹೋಮ್‌ಲಿಂಕ್‌ ಗುಂಡಿಗೆ ಕೈ ರಿಮೋಟಿನಿಂದ ಮೊದಲು ಪರಿಚಯ ಮಾಡಿಸಿ, ಮತ್ತೆ ಏಣಿ ಹತ್ತಿ ಲರ್ನ್ ಒತ್ತಿ, ಇಳಿದು ಬಂದು ಕಾರಿನ ಗುಂಡಿಯನ್ನು ಎರಡು ಮೂರು ಸಲ ಒತ್ತಬೇಕು. ದಿನಸಿ ತರಲು ಹೋಗಿದ್ದ ಇವರ ಕಾರು ಬಿಟ್ಟೇಹೋಗಿತ್ತು. ಮಧ್ಯಾಹ್ನ ಬಂದು ಡ್ರೈವ್‌ವೇಯಲ್ಲಿ ನಿಂತು ಫೋನು ಮಾಡಿದರು, "ಬಾಗಿಲು ತೆಗೀತಾ ಇಲ್ಲ." ಅಪ್ಪಯ್ಯನೇ ಹೋಗಿ ನಂಬರು ಒತ್ತಿ ತೆಗೆದರು.

21 ಜನವರಿ, ಭಾನುವಾರ

ಊಟವಾದ ಮೇಲೆ ಅಪ್ಪಯ್ಯ ಕೇಳಿದರು: ಗಾಳಿಯಲ್ಲಿ ಹೋಗುವ ಈ ಸಿಗ್ನಲನ್ನು ಬೇರೆಯವರು ಹಿಡಿದು ಅದನ್ನೇ ಕಳಿಸಿದರೆ ಬಾಗಿಲು ತೆಗೆಯುವುದಿಲ್ಲವೇ? ಒಳ್ಳೆಯ ಪ್ರಶ್ನೆ. ಹಳೆಯ ಯಂತ್ರಗಳಲ್ಲಿ ತೆಗೆಯುತ್ತಿತ್ತು. ರಿಮೋಟಿನೊಳಗೆ ಹನ್ನೆರಡು ಪುಟ್ಟ ಸ್ವಿಚ್ಚುಗಳು, ಮೇಲೆ ಅಥವಾ ಕೆಳಗೆ, ಒಟ್ಟು 4096 ಬಗೆ ಮಾತ್ರ. 2015ರಲ್ಲಿ ಸ್ಯಾಮಿ ಕಮ್ಕಾರ್ ಎಂಬ ಸಂಶೋಧಕ ಮಕ್ಕಳ ಆಟಿಕೆಯೊಂದನ್ನು ಮಾರ್ಪಡಿಸಿ ಅಂಥ ಬಾಗಿಲುಗಳನ್ನು ಹತ್ತು ಸೆಕೆಂಡಿನೊಳಗೆ ತೆಗೆಯಬಹುದೆಂದು ತೋರಿಸಿದ. ನಮ್ಮದು ರೋಲಿಂಗ್ ಕೋಡ್, ಪ್ರತಿ ಸಲ ಒತ್ತಿದಾಗಲೂ ಹೋಗುವ ಸಂಕೇತ ಬೇರೆ, ಹಳೆಯದನ್ನು ಮೋಟರು ಒಪ್ಪುವುದಿಲ್ಲ. ಅಪ್ಪಯ್ಯ ಸ್ವಲ್ಪ ಹೊತ್ತು ಯೋಚಿಸಿ, "ಇಬ್ಬರಿಗೂ ಲೆಕ್ಕ ಗೊತ್ತಿರ್ಬೇಕು ಹಾಗಾದ್ರೆ" ಎಂದರು. ನಾನು ಅರ್ಧ ಗಂಟೆ ಹೇಳಿದ್ದು ಅಷ್ಟೇ.

ಪುಟ್ಟಿ ನಾಳೆ ಅಂಬೆಗಾಲಿಡುತ್ತದೆ ಎಂದು ಬಾಗಿಲ ಕಣ್ಣುಗಳನ್ನೂ ನೋಡಿದರು. ಇಕ್ಕೆಲದಲ್ಲಿ ನೆಲದಿಂದ ಆರು ಇಂಚಿನೊಳಗೆ ಒಂದೊಂದು ಸೆನ್ಸರು. ನಡುವೆ ಏನಾದರೂ ಅಡ್ಡ ಬಂದರೆ ಇಳಿಯುತ್ತಿರುವ ಬಾಗಿಲು ಮೇಲಕ್ಕೆ ಹೋಗಬೇಕು. ಬಾಗಿಲಡಿ ಸಿಕ್ಕಿ ಮಕ್ಕಳು ಸತ್ತ ಮೇಲೆ ಇಲ್ಲಿ ಕಾನೂನು ಬಂದು, 1993ರಿಂದ ತಯಾರಾಗುವ ಮನೆ ಯಂತ್ರಗಳಿಗೆಲ್ಲ ಇಂಥದೊಂದು ರಕ್ಷಣೆ ಕಡ್ಡಾಯವಾಯಿತು. ಅಪ್ಪಯ್ಯ ಪೊರಕೆ ಹಿಡಿದು ನೋಡಿದರು, ಮೇಲಕ್ಕೆ ಹೋಯಿತು. ಬಾಗಿಲಡಿ ಒಂದು ಮರದ ತುಂಡು ಮಲಗಿಸಿ ಇಳಿಸಿದರು, ತಾಗಿದ ಕೂಡಲೇ ಎದ್ದಿತು. ಆಮೇಲೆ ಎರಡೂ ಕಣ್ಣುಗಳನ್ನು ತಮ್ಮ ಪಂಚೆಯ ಅಂಚಿನಿಂದ ಒರೆಸಿದರು.

27 ಜನವರಿ, ಶನಿವಾರ

ವಾರದಿಂದ ಅಪ್ಪಯ್ಯ ದಿನಾ ಎರಡು ಸಲ ಹೊರಗೆ ಹೋಗಿ ಬರುತ್ತಿದ್ದಾರೆ. ಅಂಚೆ ತರುವುದಿಲ್ಲದಿದ್ದರೂ.

ಇವತ್ತು ಕೀಪ್ಯಾಡಿನ ಕೆಳಮುಚ್ಚಳ ತೆಗೆದು ನೋಡಿದೆ, ಥಂಡಿ ತಾಳುವ ಲಿಥಿಯಂ ಬ್ಯಾಟರಿ ಹಾಕೋಣ ಎಂದು. ಒಳಗೆ ನಾಲ್ಕು ಮಡಿಕೆಯ ಚೀಟಿ ಸಿಕ್ಕಿತು. ಒಂದು ಬದಿಯಲ್ಲಿ ನನ್ನ ಕೈಬರಹದಲ್ಲಿ ಆ ಹಳೇ ನಂಬರು, ಅದರ ಮೇಲೆ ಅಡ್ಡಗೆರೆ. ಇನ್ನೊಂದು ಬದಿಯಲ್ಲಿ ಲಾಗ್‌ಬುಕ್ಕಿನ ಅಕ್ಷರದಲ್ಲಿ ಅಪ್ಪಯ್ಯ ಬರೆದಿದ್ದಾರೆ: "20-1-24. ಬ್ಯಾಟರಿ ಬದಲು. ಹಳೇದು 6.8. ಮುಂದಿನದು ದೀಪಾವಳಿಗೆ."

ದೀಪಾವಳಿಗೇ ಯಾಕೆ ಎಂದು ಕೇಳಿದೆ. "ಥಂಡಿ ಶುರುವಾಗೋ ಮೊದ್ಲು ಹಾಕ್ಬೇಕು. ಆಗ ನಾವು ಊರಲ್ಲಿರ್ತೀವಿ. ಕೂಸು, ಆಫೀಸು, ನೀನು ಮರೀತೀಯ. ನಾನೇ ಫೋನು ಮಾಡಿ ನೆನಪು ಮಾಡ್ತೀನಿ."