ಕುಳಗಿಯ ಡೇರೆಯಲ್ಲಿ ಮೂರು ತಲೆಮಾರು

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಡಿಗ್ಗಿ ಎಂಬ ಹಳ್ಳಿಯ ಬಳಿ ಹುಟ್ಟುವ ಕಾಳಿ ನದಿ 184 ಕಿ.ಮೀ. ಹರಿದು ಕಾರವಾರದ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಹುಟ್ಟುವುದೂ ಕಡಲು ಸೇರುವುದೂ ಒಂದೇ ಜಿಲ್ಲೆಯಲ್ಲಿ. ಇಷ್ಟು ಚಿಕ್ಕ ಪಯಣದಲ್ಲೇ ಈ ನದಿ ಕಾಡು ಬೆಳೆಸುತ್ತದೆ, ವಿದ್ಯುತ್ ಕೊಡುತ್ತದೆ, ಪ್ರವಾಸಿಗರನ್ನೂ ಕರೆಯುತ್ತದೆ. ಇದರ ದಂಡೆಯ ದಾಂಡೇಲಿಗೆ ಧಾರವಾಡದಿಂದ ಹಳಿಯಾಳದ ಮೇಲೆ ಹೋದರೆ ಸುಮಾರು 55 ಕಿ.ಮೀ. ಅಲ್ಲಿಂದ ಹನ್ನೆರಡು ಕಿ.ಮೀ. ಆಸುಪಾಸಿನಲ್ಲಿ ಅರಣ್ಯ ಇಲಾಖೆಯ ಕುಳಗಿ ನಿಸರ್ಗ ಶಿಬಿರವಿದೆ.

ಕಳೆದ ಬೇಸಿಗೆ ರಜೆಯಲ್ಲಿ ನಾವು ಏಳು ಜನ ಅಲ್ಲಿ ಡೇರೆ ಹಿಡಿದೆವು. ಧಾರವಾಡದ ನನ್ನ ಅಕ್ಕ-ಭಾವ, ಪುಣೆಯಿಂದ ಬಂದ ಅವರ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಜೊತೆಗೆ ನಾನು. ಭಾವ ಅಂಚೆ ಇಲಾಖೆಯಿಂದ ನಿವೃತ್ತರಾಗಿ ಹನ್ನೆರಡು ವರ್ಷವಾಯಿತು. ಮಗನ ಸಂಸಾರ ವರ್ಷಕ್ಕೊಮ್ಮೆ ಬರುತ್ತದೆ. ಮಕ್ಕಳು ಮೊಬೈಲು ಹಿಡಿದು ಕುಳಿತರೆ ಅಜ್ಜನೊಂದಿಗಿನ ಮಾತು ‘ಊಟ ಆತೇನು?’ ಎಂಬಲ್ಲಿಗೇ ಮುಗಿಯುತ್ತದೆ. ಹೀಗಾಗಿ ‘ಈ ಸಲ ಎಲ್ಲಾರೂ ಕಾಡಿಗೆ ಹೋಗೋಣು’ ಎಂದವರು ಭಾವನೇ.

‘ಅವ್ವನ ಮೊಣಕಾಲು ನೋಡಪಾ’ ಎಂದು ಮಗ ತಡೆದ. ‘ಮೊಣಕಾಲು ಮನ್ಯಾಗೂ ನೋಯತಾವ, ಅಲ್ಲೂ ನೋಯತಾವ’ ಎಂದು ಅಕ್ಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟತೊಡಗಿದಳು.

ಡೇರೆ ಎಂದರೆ ಹೆದರಬೇಕಾಗಿಲ್ಲ. ಮಲಗಲು ಮಂಚವಿದೆ. ಕತ್ತಲಾದ ಮೇಲೆ ಓಡಾಡಲು ಕೈದೀಪ ಮಾತ್ರ ಬೇಕೇ ಬೇಕು. ರಾತ್ರಿ ಜೀರುಂಡೆಗಳ ಸದ್ದಿನಲ್ಲಿ ಮಕ್ಕಳಿಗೆ ನಿದ್ದೆ ಬರಲಿಲ್ಲ. ಅಜ್ಜಿಯ ಹಾಸಿಗೆಗೆ ಬಂದು ಸೇರಿದರು. ಅಕ್ಕನ ಮುಖ ನೋಡಬೇಕಿತ್ತು!

ಬೆಳಿಗ್ಗೆ ದಾಂಡೇಲಿಯ ಮರದ ಡಿಪೋಗೆ ಹೋದೆವು. ಅದು ಮಂಗಟ್ಟೆ ಹಕ್ಕಿಗಳನ್ನು ನೋಡಲು ಹೆಸರಾದ ಜಾಗ. ದೊಡ್ಡ ದಾಸ ಮಂಗಟ್ಟೆ ಹಾರಿದಾಗ ರೆಕ್ಕೆಯ ಸದ್ದು ಉಗಿಬಂಡಿಯ ಉಸಿರಿನಂತೆ ಕೇಳುತ್ತದೆ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಹಕ್ಕಿ ಮರದ ಪೊಟರೆ ಹೊಕ್ಕು, ಬಾಯನ್ನು ತನ್ನ ಹಿಕ್ಕೆಯಿಂದ ಮೆತ್ತಿ ಸಣ್ಣ ಸೀಳೊಂದನ್ನಷ್ಟೇ ಬಿಡುತ್ತದೆ. ಆ ಸೀಳಿನಿಂದ ವಾರಗಟ್ಟಲೆ ಹಣ್ಣು ಉಣಿಸುವುದು ಗಂಡಿನ ಕೆಲಸ. ಗಂಡು ಹಕ್ಕಿ ಸತ್ತರೆ ಒಳಗಿರುವ ಸಂಸಾರವೂ ಅಪಾಯಕ್ಕೆ ಸಿಲುಕುತ್ತದೆ. ದೊಡ್ಡ ಪೊಟರೆಗಳಿರುವುದು ಹಳೆಯ ಮರಗಳಲ್ಲಿ. ಮುದಿ ಮರವೆಂದು ಕಡಿದರೆ ಹಕ್ಕಿಗೆ ಮನೆಯಿಲ್ಲ.

ಅಲ್ಲಿಂದ ಸಿಂಥೇರಿ ಬಂಡೆ. ದಾಂಡೇಲಿಯಿಂದ ಸುಮಾರು 30 ಕಿ.ಮೀ. ಕಾನೇರಿ ಹೊಳೆಯ ಪಕ್ಕದಲ್ಲಿ ಸುಮಾರು 300 ಅಡಿ ಎತ್ತರಕ್ಕೆ ನಿಂತ ಒಂದೇ ಬಂಡೆ! ಮರಳು, ಬೆಣಚುಕಲ್ಲುಗಳನ್ನು ಹೊತ್ತ ನೀರು ಉಜ್ಜಿ ಉಜ್ಜಿ ಕಲ್ಲಿನ ಬುಡದಲ್ಲಿ ಪೊಳ್ಳುಗಳನ್ನು ಕೊರೆದಿದೆ. ಮೇಲೆ ಹೆಜ್ಜೇನಿನ ದೊಡ್ಡ ಹಲ್ಲೆಗಳು ತೂಗುತ್ತಿರುತ್ತವೆ. ಇಲ್ಲಿ ಕೂಗಾಡುವುದು, ಹೊಗೆ ಎಬ್ಬಿಸುವುದು ಸಲ್ಲದು. ನೀರಿನ ಸೆಳೆತವೂ ಅಪಾಯದ್ದು, ಇಳಿಯಬಾರದು.

ಕೆಳಗಿಳಿಯಲು ಮೆಟ್ಟಿಲುಗಳಿವೆ. ಅರ್ಧ ದಾರಿಯಲ್ಲಿ ಅಕ್ಕ ಕುಳಿತಳು. ಭಾವನೂ ಪಕ್ಕದಲ್ಲಿ ಕುಳಿತರು. ಮಗ ಎಷ್ಟು ಹೇಳಿದರೂ ಅವರು ಕೆಳಗೆ ಬರಲಿಲ್ಲ. ‘ನೀವು ನೋಡಿ ಬರ್ರಿ, ನಮಗ ಹೇಳ್ರಿ’ ಎಂದರು. ನಾವು ಮರಳಿದಾಗ ಮೊಮ್ಮಗಳು ಕಂಡದ್ದನ್ನೆಲ್ಲ ಕೈಯಾಡಿಸಿ ಹೇಳಿದಳು. ‘ಮಂಗಟ್ಟೆ ಹಂಗ ಅಜ್ಜ ಅಜ್ಜೀನ್ನ ಕಾಯ್ಕೊಂಡು ಕುಂತಿದ್ರು’ ಎಂದು ಕಿರಿಯವನು ನಗಿಸಿದ.

ಕೊನೆಯ ದಿನ ಗಣೇಶಗುಡಿಯ ಸೂಪಾ ಅಣೆಕಟ್ಟು. ಎತ್ತರ 101 ಮೀಟರ್. ಬುಡದ ವಿದ್ಯುದಾಗಾರದಲ್ಲಿ 50 ಮೆಗಾವಾಟ್‌ನ ಎರಡು ಯಂತ್ರಗಳಿವೆ. ಎತ್ತರದಲ್ಲಿ ನಿಂತ ನೀರಿಗೆ ಪ್ರಚ್ಛನ್ನ ಶಕ್ತಿ ಇರುತ್ತದೆ. ಧುಮುಕಿದಾಗ ಅದು ಚಲನಶಕ್ತಿಯಾಗಿ ಟರ್ಬೈನು ತಿರುಗಿಸುತ್ತದೆ. ಮೂವತ್ತು ವರ್ಷದಿಂದ ಕರಿಹಲಗೆಯ ಮೇಲೆ ನಾನು ಬರೆಸುವ ಪಾಠವಿದು. ಅಂದು ಪಾಠ ಹೇಳಿದವರು ಮಾತ್ರ ಭಾವ.

ಹಳೆಯ ಸೂಪಾ ಪೇಟೆ ಈ ನೀರಿನಡಿಯಲ್ಲಿದೆ. ಊರು ಬಿಟ್ಟ ಅನೇಕರು ರಾಮನಗರದಲ್ಲಿ ನೆಲೆಸಿದರು. ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಹೋಯಿತು. ಭಾವ ನೌಕರಿಯ ಮೊದಲ ಎರಡು ವರ್ಷ ಕಳೆದದ್ದು ಆ ಸೂಪಾದಲ್ಲಿ. ನೀರಿನತ್ತ ಕೈ ಮಾಡಿ ಪೇಟೆಯ ಓಣಿ, ಚಹಾದಂಗಡಿ, ಮಳೆಗಾಲದಲ್ಲಿ ತೊಯ್ದು ಬರುತ್ತಿದ್ದ ಟಪಾಲು ಚೀಲ ಎಲ್ಲವನ್ನೂ ಒಂದೊಂದಾಗಿ ಹೇಳಿದರು.

‘ಅಜ್ಜಾ, ನಿಮ್ಮ ಆಫೀಸು ಇನ್ನೂ ಅಲ್ಲೇ ಐತೇನು?’

‘ಇದ್ದರ, ಈಗ ಮೀನಿಗೆ ಕಾಗದ ಹಂಚತಿರಬೇಕು.’

ಎಲ್ಲರೂ ನಕ್ಕೆವು. ನಗದೆ ನಿಂತವನು ಅವರ ಮಗ. ‘ನನಗ ಇದನ್ನ ಯಾವತ್ತೂ ಹೇಳೇ ಇಲ್ಲಲ್ಲಪಾ’ ಎಂದ. ‘ನೀ ಕೇಳಲಿಲ್ಲ’ ಎಂದರು ಭಾವ, ಬೇಸರವಿಲ್ಲದೆ. ನಲವತ್ತರ ಮಗ ಅಲ್ಲೇ ಅಪ್ಪನ ಪಕ್ಕ ಕುಳಿತು ಕೇಳತೊಡಗಿದ. ಒಂದೂವರೆ ಗಂಟೆ ಯಾರೂ ಮೊಬೈಲು ತೆಗೆಯಲಿಲ್ಲ.

ನಮ್ಮ ಮನೆಯ ಗುಂಡಿ ಒತ್ತಿದಾಗ ಬೆಳಗುವ ದೀಪದ ಹಿಂದೆ ಯಾರೋ ಬಿಟ್ಟುಕೊಟ್ಟ ಊರೊಂದು ಇರಬಹುದು. ಇದು ಪಠ್ಯಪುಸ್ತಕದ ಸೂತ್ರದಲ್ಲಿ ಕಾಣುವುದಿಲ್ಲ. ಅಲ್ಲಿ ಬದುಕಿದವರು ಹೇಳಬೇಕು, ಅವರು ಇರುವಾಗಲೇ ನಾವು ಕೇಳಬೇಕು.

ಹೋಗುವವರಿಗೆ ಎರಡು ಮಾತು. ಮಳೆಗಾಲ ಬಿಟ್ಟು ಹೊರಡುವುದು ಲೇಸು. ಶಿಬಿರದಲ್ಲಿ ಮೊದಲೇ ಜಾಗ ಕಾಯ್ದಿರಿಸಿ. ಅಣೆಕಟ್ಟು ನೋಡಲು ಅನುಮತಿ ವಿಚಾರಿಸಿಕೊಳ್ಳಿ. ವಿದ್ಯುದಾಗಾರದಿಂದ ನೀರು ಬಿಟ್ಟಾಗ ಕೆಳಗಿನ ಹೊಳೆ ಥಟ್ಟನೆ ಏರುತ್ತದೆ, ಸ್ಥಳೀಯರನ್ನು ಕೇಳದೆ ಕಾಲಿಡಬೇಡಿ. ಹಿರಿಯರ ಔಷಧಿ, ಊರುಗೋಲು ಮರೆಯಬೇಡಿ. ಅವರನ್ನು ‘ಮನೆ ಕಾಯಲಿ’ ಎಂದು ಬಿಟ್ಟೂ ಹೋಗಬೇಡಿ. ವಿದ್ಯಾರ್ಥಿಗಳೇ, ನಿಮ್ಮ ಅಜ್ಜ-ಅಜ್ಜಿ ಮೊದಲು ದುಡಿದ ಊರು ಯಾವುದು? ಮುಂದಿನ ರಜೆಯ ಪ್ರವಾಸಕ್ಕೆ ಆ ಊರಿನ ಹೆಸರನ್ನೇ ಬರೆದಿಟ್ಟುಕೊಳ್ಳಿ.