ಎಳೆಯೋ ಗಾಲಿಗೆ ಬೋಳು ಟೈರು

ಕಾರಿನ ಅಡಿ ಮಲಗೋದಕ್ಕೆ ನಮಗೆ ಯಾವತ್ತೂ ಮೈಲಿಗೆ ಇರಲಿಲ್ಲ. ಸೀಟಿನ ಮೇಲೆ ಕೂರೋದಕ್ಕೆ ಮಾತ್ರ ಇತ್ತು.

ಮಂಡ್ಯದ ಕಡೆ, ಹೆದ್ದಾರಿ ಪಕ್ಕದ ಒಂದು ಟೈರ್ ಅಂಗಡೀಲಿ ನಾವು ಮೂವರು ಕೆಲಸಕ್ಕಿದ್ದೆವು. ಮೂವರೂ ಒಂದೇ ಕೇರಿ ಹುಡುಗರು. ಜಾಕಿ ಕೊಡೋದು, ಗಾಲಿ ಬಿಚ್ಚೋದು, ಪಂಚರ್ ಹಾಕೋದು. ಗಾಡಿ ಒಳಗೆ ಕೂರುವ ಪ್ರಸಂಗ ಬಂದರೆ ಯಜಮಾನ ಸೀಟಿಗೆ ಗೋಣಿಚೀಲ ಹಾಸಿಸುತ್ತಿದ್ದ. 'ಕೈಮೈಯೆಲ್ಲ ಗ್ರೀಸು ಕಣ್ರೋ' ಅನ್ನುತ್ತಿದ್ದ. ಮೇಸ್ತ್ರಿಯ ಮೈಮೇಲೂ ಅದೇ ಗ್ರೀಸು. ಅವರಿಗೆ ಗೋಣಿಚೀಲ ಇರಲಿಲ್ಲ.

2006ರ ಮಳೆಗಾಲ. ಒಬ್ಬ ಗೌಡರ ಮಗ ಹಳೇ ಮಾರುತಿ 800 ತಂದು ನಿಲ್ಲಿಸಿದ. ಡ್ರೈವರು ನಮ್ಮ ಕೇರಿಯ ಅಣ್ಣನೇ.

'ಹಿಂದ್ಗಡೆ ಅಗಲದ ಟೈರ್ ಹಾಕ್ರಲಾ. ಹುಲಿ ಕುಂತಂಗೆ ಕಾಣ್ಬೇಕು.'

ನಾವು ಬಗ್ಗಿ ನೋಡಿದೆವು. ಮುಂದಿನ ಎರಡರ ಬಟನ್ನೆಲ್ಲ ಸವೆದು ಅಂಗೈಯಷ್ಟು ನುಣ್ಣಗಾಗಿತ್ತು. 'ಬುದ್ಧಿ, ಮುಂದ್ಲವು ಬೋಳಾಗವೆ. ಮೊದ್ಲು ಅವ್ನ ಬದಲಾಯ್ಸಿ' ಅಂದೆವು.

'ಗಾಳಿ ತುಂಬೋ ನನ್ಮಗ, ನಂಗೇ ಹೇಳ್ಕೊಡ್ತೀಯೇನ್ಲಾ? ಹಾಕು ಅಂದ್ರೆ ಹಾಕು.'

ಹಾಕಿದೆವು. ಬಿಚ್ಚಿದ ಹಿಂದಿನ ಎರಡು ಟೈರಿನಲ್ಲಿ ಇನ್ನೂ ಜೀವ ಇತ್ತು. ಅವನ್ನಾದರೂ ಮುಂದಕ್ಕೆ ಹಾಕ್ತೀವಿ ಅಂದರೆ, ಯಜಮಾನ ಹಳೇದರ ಲೆಕ್ಕಕ್ಕೆ ಹಿಡಿದು ಆಗಲೇ ಒಳಗೆ ಎತ್ತಿಟ್ಟಿದ್ದ.

ಗೆಳೆಯರೆ, ಇಲ್ಲಿ ಒಂದಿಷ್ಟು ಲೆಕ್ಕ ಹೇಳಬೇಕು. ಅಂಬಾಸಿಡರ್ ಕಾರಿನಲ್ಲಿ ಇಂಜಿನ್ನಿನ ಶಕ್ತಿ ಉದ್ದನೆಯ ಶಾಫ್ಟಿನಲ್ಲಿ ಹಾದು ಹಿಂದಿನ ಗಾಲಿಗೆ ಹೋಗುತ್ತಿತ್ತು. ಉಳುವ ಟ್ರ್ಯಾಕ್ಟರಿನಲ್ಲೂ ದುಡಿಯೋದು ಮುಖ್ಯವಾಗಿ ಹಿಂದಿನ ಗಾಲಿ. ಅದಕ್ಕೇ ಅದು ಅಷ್ಟು ದೊಡ್ಡದು. ದುಡಿಯುವ ಗಾಲಿಗೆ ದೊಡ್ಡ ಟೈರು, ನ್ಯಾಯವಾದದ್ದೇ. ಅದನ್ನು ನೋಡಿ ಬೆಳೆದ ಕಣ್ಣಿಗೆ ಹಿಂದೆ ದಪ್ಪ ಇದ್ದರೇನೇ ಶಕ್ತಿ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಕತೆಯೇ ಬೇರೆ. 796 ಸಿಸಿ ಇಂಜಿನ್ನು, ಗೇರ್‌ಬಾಕ್ಸು ಎರಡೂ ಮುಂದೆ. ಎಳೆಯೋದು ಮುಂದಿನ ಗಾಲಿ. ತಿರುಗೋದೂ ಅವೇ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಜಗ್ಗುತ್ತದೆ, ಹಾಗಾಗಿ ನಿಲ್ಲಿಸುವ ಕೆಲಸದ ಬಹುಪಾಲೂ ಅವುಗಳದ್ದೇ. ಇಂಥ ಕಾರು ಖಾಲಿ ನಿಂತಾಗಲೂ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂದಿನ ಎರಡರ ಮೇಲೇ. ಬೇಗ ಸವೆಯೋದೂ ಅದಕ್ಕೇ. ಎತ್ತಿನ ಗಾಡಿ ಇದ್ದಂಗೆ ಇದು. ಎತ್ತಿಗೆ ಲಾಳ ಕಟ್ಟಿಸದೆ ಗಾಡಿ ಗಾಲಿಗೆ ಬಣ್ಣ ಬಳಿದವನನ್ನ ಊರಲ್ಲಿ ಏನಂತಾರೆ?

ಕಂಪನಿ ನಾಲ್ಕಕ್ಕೂ ಕೊಟ್ಟದ್ದು ಒಂದೇ ಅಳತೆ: 12 ಇಂಚಿನ ಡಿಸ್ಕು, 145 ಮಿಲಿಮೀಟರ್ ಅಗಲದ ಟೈರು. ನಾವು ಹಿಂದೆ ಹಾಕಿದ್ದು 13 ಇಂಚಿನ ಡಿಸ್ಕು, 165ರ ಟೈರು. ಅದು ಮಟ್‌ಗಾರ್ಡಿನ ಆಚೆ ಇಣುಕುತ್ತಿತ್ತು. ಹಿಂದೆ ಮೂರು ಜನ ಕೂತರೆ ಉಜ್ಜುತ್ತಿತ್ತು. ಗಾಲಿ ಹೊರಕ್ಕೆ ಬಂದಷ್ಟೂ ಬೇರಿಂಗಿನ ಮೇಲೆ ಭಾರ ಹೆಚ್ಚು. ಸವೆತ ಸಮ ಆಗಲಿ ಅಂತ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಾಯಿಸುವ ದಾರಿಯೂ ಮುಚ್ಚಿತು.

ಹಿಂದಿನ ಗಾಲಿ ದಂಡ ಅಂತ ನಾವು ಹೇಳುತ್ತಿಲ್ಲ. ಒದ್ದೆ ರಸ್ತೇಲಿ ಹಿಂಭಾಗ ಜಾರಿದರೆ ಕಾರು ಬುಗುರಿ ಆಗುತ್ತೆ. ಎರಡೇ ಹೊಸ ಟೈರು ಕೊಳ್ಳುವವರು ಹೊಸದನ್ನು ಹಿಂದಕ್ಕೆ ಹಾಕಬೇಕು ಅನ್ನೋದು ಅದಕ್ಕೇ. ಆದರೆ ಅದು ನಾಲ್ಕೂ ಒಂದೇ ಅಳತೆ ಇದ್ದು, ಮುಂದಿನವೂ ಚೆನ್ನಾಗಿದ್ದಾಗಿನ ಮಾತು. ಹಿಂದೆ ಹಿಡಿತ ಹೆಚ್ಚಿಸಿ ಮುಂದೆ ಬೋಳು ಬಿಟ್ಟರೆ ತಿರುವಿನಲ್ಲಿ ಮೊದಲು ಸೋಲೋದು ಮುಂದಿನ ಗಾಲಿ. ಸ್ಟೇರಿಂಗ್ ತಿರುಗುತ್ತೆ, ಕಾರು ತಿರುಗೋಲ್ಲ.

ಹಾಗೇ ಆಯ್ತು. ಎರಡು ವಾರ ಕಳೆದಿರಲಿಲ್ಲ. ರಾತ್ರಿ ಮಳೆ, ನಾಲೆ ಪಕ್ಕದ ತಿರುವು. ಅಣ್ಣ ಸ್ಟೇರಿಂಗ್ ಪೂರಾ ತಿರುಗಿಸಿದ್ದಾನೆ. ಕಾರು ನೆಟ್ಟಗೆ ಕಬ್ಬಿನ ಗದ್ದೆಗೆ ನುಗ್ಗಿದೆ. ಹಿಂದೆ ಕೂತಿದ್ದ ಗೌಡರ ಮಗನಿಗೆ ತರಚು ಗಾಯ. ಅಣ್ಣನ ಮೊಣಕಾಲು ಮುರಿಯಿತು. ಮೂರು ತಿಂಗಳು ಹಾಸಿಗೆ, ಸಂಬಳ ಇಲ್ಲ.

ಬೆಳಿಗ್ಗೆ ಅಂಗಡಿ ಮುಂದೆ ಪಂಚಾಯ್ತಿ. 'ಹುಡುಗ್ರು ನಟ್ಟು ಸರಿಯಾಗಿ ಬಿಗಿ ಮಾಡಿಲ್ಲ. ಆ ಡ್ರೈವರ್ ನನ್ಮಗ ಕುಡ್ದಿದ್ದ.' ಎರಡೂ ಸುಳ್ಳು. ಮೇಸ್ತ್ರಿ ನಮ್ಮನ್ನು ಕರೆದುಕೊಂಡು ಗದ್ದೆಗೆ ಇಳಿದು ಒಂದೊಂದು ಗಾಲಿಗೂ ವೀಲ್ ಸ್ಪ್ಯಾನರ್ ಹಾಕಿ ನೋಡಿದರು. ಗಾಲಿಗೆ ನಾಲ್ಕು ನಟ್ಟು, ನಾಲ್ಕು ಗಾಲಿಗೆ ಹದಿನಾರು. ಒಂದೂ ಅಲುಗಲಿಲ್ಲ. ಮುಂದಿನ ಬೋಳು ಟೈರನ್ನೂ ಎಲ್ಲರಿಗೂ ತೋರಿಸಿದರು. ನೋಡಿದರು, ಸುಮ್ಮನಾದರು. ನಮ್ಮ ಒಂದು ತಿಂಗಳ ಕೂಲಿ ಮಾತ್ರ ಹಿಡಿದರು.

ಆವತ್ತು ನಾವು ಬಾಯಿ ಬಿಡಲಿಲ್ಲ. ಆ ನಾಚಿಕೆ ಇವತ್ತೂ ಇದೆ. ಟೈರು ಬೋಳು ಅಂತ ಮೊದಲು ಕಂಡವರು ನಾವು. ಹೇಳಿದವರೂ ನಾವೇ. ಆದರೂ ನಮ್ಮ ಮಾತು ತಿಳುವಳಿಕೆ ಅನ್ನಿಸಿಕೊಳ್ಳಲಿಲ್ಲ, ಅಧಿಕಪ್ರಸಂಗ ಅನ್ನಿಸಿಕೊಂಡಿತು. ಗಾಲಿ ಬಿಚ್ಚುವವನಿಗೆ ಗಾಲಿಯ ಬಗ್ಗೆ ಏನು ಗೊತ್ತು ಅಂತ ಕೇಳುವ ಸಮಾಜ ಇದು. ದುಡಿಯೋ ಗಾಲಿಗೆ ಬೋಳು ಟೈರು, ಮೆರೆಯೋ ಗಾಲಿಗೆ ಅಗಲದ ಟೈರು. ಆ ಕಾರು ನಮ್ಮೂರಿನ ಹಾಗೇ ಇತ್ತು.

ಆಮೇಲೆ ಓದಿ ತಿಳಿದದ್ದು: ಅಮೆರಿಕದ ಪಾಂಟಿಯಾಕ್ ಕಂಪನಿ, ಮುಂದಿನ ಗಾಲಿಯೇ ಎಳೆಯುವ ತನ್ನ 2005ರ ಗ್ರ್ಯಾನ್ ಪ್ರೀ ಜಿಎಕ್ಸ್‌ಪಿ ಕಾರಿಗೆ 8 ಸಿಲಿಂಡರಿನ ಇಂಜಿನ್ ಕೂರಿಸಿದಾಗ ಮುಂದೆ 255, ಹಿಂದೆ 225 ಅಗಲದ ಟೈರು ಹಾಕಿತ್ತು. ಅಗಲ ಬೇಕಾದದ್ದು ಎಳೆಯುವ ಕಡೆಗೆ. ನಾವು ಗೌಡರ ಮಗನಿಗೆ ಹೇಳಿದ್ದರ ನ್ಯಾಯವೂ ಇದೇ.

ಮಾರುತಿ 800 ತಯಾರಿಕೆ 2014ರಲ್ಲಿ ನಿಂತಿತು. ಚಟ ನಿಂತಿಲ್ಲ. ಈಗ ನಮ್ಮದೇ ಒಂದು ಷೆಡ್ಡಿದೆ. ಈಗಲೂ ಹುಡುಗರು ಬರುತ್ತಾರೆ, ನಮ್ಮ ಕೇರಿಯವರೂ ಬರುತ್ತಾರೆ, 'ಹಿಂದಕ್ಕೆ ಅಗಲದ್ದು ಹಾಕಣ್ಣ' ಅಂತ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ಹೇಳುತ್ತೇವೆ, ಗಾಡಿಯನ್ನು ಮನಬಂದಂತೆ ಮಾರ್ಪಡಿಸೋ ಹಾಗಿಲ್ಲ ಅಂತ. ಆದರೆ ಮೊದಲು ಅವರನ್ನು ಕೂರಿಸಿ, ಮುಂದಿನ ಟೈರಿನ ಮೇಲೆ ಅವರ ಕೈಯನ್ನೇ ಆಡಿಸಿ ಕೇಳುತ್ತೇವೆ: 'ಎಳಿಯೋದು ಯಾವ್ದಪ್ಪಾ? ಸವ್ದಿರೋದು ಯಾವ್ದು?'

ಷೆಡ್ಡಿನಲ್ಲಿ ಗೋಣಿಚೀಲವೂ ಇದೆ. ನೆಲಕ್ಕೆ ಹಾಸಿಕೊಂಡು ಕಾರಿನಡಿ ಮಲಗೋದಕ್ಕೆ. ಸೀಟಿಗೆ ಯಾರಿಗೂ ಹಾಸೋದಿಲ್ಲ.