ರಟ್ಟಿನ ಚೀಟಿಯ ಸಮಾನತೆ

ಬೇಸ್‌ಬಾಲ್ ಕಾರ್ಡ್ ಎಂಬುದು ಮುಂಬದಿಯಲ್ಲಿ ಆಟಗಾರನ ಚಿತ್ರವನ್ನೂ ಹಿಂಬದಿಯಲ್ಲಿ ಅವನ ಆಟದ ಅಂಕಿಅಂಶಗಳನ್ನೂ ಮುದ್ರಿಸಿದ ಸಣ್ಣ ರಟ್ಟಿನ ಚೀಟಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸಿಗರೇಟು ಪೊಟ್ಟಣಗಳು ಮುದುಡದಂತೆ ಒಳಗಿಡಲಾಗುತ್ತಿದ್ದ ಈ ಚೀಟಿಗಳು, 1950ರ ದಶಕದಲ್ಲಿ ಟಾಪ್ಸ್ ಮುಂತಾದ ಕಂಪನಿಗಳ ಬಬಲ್‌ಗಮ್ಮಿನೊಂದಿಗೆ ಮಕ್ಕಳ ಕೈ ಸೇರುತ್ತಿದ್ದವು. ಹೆಸರಾಂತ ಆಟಗಾರ ಮಿಕಿ ಮ್ಯಾಂಟಲ್‌ನ 1952ರ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಗಿ ಸುದ್ದಿಯಾಯಿತಾದರೂ, ಈ ಚೀಟಿಗಳ ರಸವಿರುವುದು ಜನ ಮರೆತ ಸಾಮಾನ್ಯ ಆಟಗಾರರಲ್ಲಿ.

ಇದಕ್ಕೆ ಕಾರಣ ಚೀಟಿಯ ಕಟ್ಟುನಿಟ್ಟಾದ ಸಮಾನತೆ. 1957ರಲ್ಲಿ ಟಾಪ್ಸ್ ನೆಲೆಗೊಳಿಸಿದ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಅಳತೆಯು ಮಹಾರಥಿಗೂ ಬೆಂಚು ಕಾಯುವವನಿಗೂ ಒಂದೇ ಆಗಿತ್ತು. ಮಹಾರಥಿಯ ಹಿಂಬದಿಯನ್ನು ಅಂಕಿಗಳೇ ತುಂಬಿದರೆ, ಹೇಳಿಕೊಳ್ಳುವಂಥ ಅಂಕಿಯಿಲ್ಲದವನ ಜಾಗವನ್ನು ಅವನ ಹವ್ಯಾಸ, ಚಳಿಗಾಲದ ನೌಕರಿ, ಶಾಲಾದಿನಗಳ ಪರಾಕ್ರಮ ಮುಂತಾದ ವಿವರಗಳಿಂದಲೂ ಪುಟ್ಟ ವ್ಯಂಗ್ಯಚಿತ್ರದಿಂದಲೂ ತುಂಬಬೇಕಾಗುತ್ತಿತ್ತು. ಹೊಗಳಲು ಏನನ್ನಾದರೂ ಹುಡುಕಲೇಬೇಕೆಂಬ ಈ ಕಟ್ಟುಪಾಡಿನಿಂದ ಹುಟ್ಟಿದ ಹಾಸ್ಯದಲ್ಲಿ ಕುಹಕವಿಲ್ಲ, ಔದಾರ್ಯವಿದೆ.

ಆರು ಋತುಗಳ ಕಾಲ ಆಡಿದ ಬಾಬ್ ಯೂಕರ್‌ನ ಬ್ಯಾಟಿಂಗ್ ಸರಾಸರಿ .200, ಅಂದರೆ ಐದು ಯತ್ನಗಳಿಗೆ ಒಂದೇ ಯಶಸ್ವಿ ಹೊಡೆತ. ಬಲಗೈ ಬ್ಯಾಟುಗಾರನಾದ ಆತ 1965ರ ಕಾರ್ಡಿನಲ್ಲಿ ಎಡಗೈಯವನ ಭಂಗಿಯಲ್ಲಿ ನಿಂತಿದ್ದಾನೆ, ಮುಂದೆ ತನ್ನ ಸೋಲುಗಳನ್ನೇ ರಂಜಕವಾಗಿ ಬಣ್ಣಿಸುತ್ತ ಹೆಸರಾಂತ ವೀಕ್ಷಕ ವಿವರಣೆಗಾರನಾದ. 1969ರಲ್ಲಿ ಔರೇಲಿಯೊ ರೊಡ್ರಿಗೆಸ್ ಎಂಬ ಆಟಗಾರನ ಹೆಸರಿನ ಕಾರ್ಡಿನಲ್ಲಿ ಅಚ್ಚಾದದ್ದು ತಂಡದ ಬ್ಯಾಟುಗಳನ್ನು ಎತ್ತಿಡುವ ಹುಡುಗನ ಚಿತ್ರ. ಹಾಗಾಗಿ ಒಂದು ಎಸೆತವನ್ನೂ ಎದುರಿಸದವನಿಗೂ ಆಟಗಾರರ ಪಂಕ್ತಿಯಲ್ಲಿ ಎಲೆ ಹಾಕಿದಂತಾಯಿತು.

ಈ ಸಮಾನತೆಯ ಅತ್ಯುತ್ತಮ ನಿದರ್ಶನ ಟಾಪ್ಸ್‌ನ 1963ರ 537ನೆಯ ಕಾರ್ಡು. ನಾಲ್ವರು ಹೊಸಬರ ಮುಖಗಳಿರುವ ಈ ಚೀಟಿಗೆ ಇಂದು ಬೆಲೆ ಬಂದಿರುವುದು, ಮುಂದೆ 4,256 ಯಶಸ್ವಿ ಹೊಡೆತಗಳ ದಾಖಲೆ ಬರೆದ ಪೀಟ್ ರೋಸ್‌ನಿಂದ. ಅದೇ ಕಾರ್ಡಿನಲ್ಲಿರುವ ಆಲ್ ವೈಸ್ ತನ್ನ ವೃತ್ತಿಜೀವನದಲ್ಲಿ ಹೊಡೆದ ಹೋಮ್‌ರನ್‌ಗಳು, ಅಂದರೆ ಆಟಗಾರನು ಒಂದೇ ಹೊಡೆತದಿಂದ ನಾಲ್ಕೂ ನೆಲೆಗಳನ್ನು ಸುತ್ತಿ ಬರುವ ಸಂದರ್ಭಗಳು, ಏಳು ಮಾತ್ರ; ಆದರೆ 1969ರ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯ ಐದನೆಯ ಪಂದ್ಯದಲ್ಲಿ, ನ್ಯೂಯಾರ್ಕ್ ಮೆಟ್ಸ್ ಪರವಾಗಿ ಆತ ಬಾರಿಸಿದ ಹೋಮ್‌ರನ್ ಪಂದ್ಯವನ್ನು ಸಮಸ್ಥಿತಿಗೆ ತಂದಿತು, ತಂಡ ಅಂದೇ ಪ್ರಶಸ್ತಿ ಗೆದ್ದಿತು. ಯಾರ ದಿನ ಯಾವಾಗ ಬರುವುದೆಂದು ಮುದ್ರಕನಿಗೆ ತಿಳಿಯದು; ಆದ್ದರಿಂದ ಎಲ್ಲರಿಗೂ ಸಮಾನ ಜಾಗ ಕೊಟ್ಟ ಆ ಪದ್ಧತಿಯೇ ಕ್ರೀಡೆಯ ನ್ಯಾಯವಾದ ಚರಿತ್ರೆ.